ಕಪ್ಪಾದ ಪೊದೆಗಳ ವಕೀಲೆ

ಲವ್‌ಡೇ ಪೆಂಗಿಲ್ಲಿಗೆ ಐವತ್ತೆಂಟು ವರ್ಷ, ಎತ್ತರ ಐದಡಿಗೆ ಒಂದಿಂಚು ಕಡಿಮೆ. ಟ್ರೆಗಾರ್ತ ತೋಟದ ಕೆಳಗಿನ ಕಣಿವೆಯಲ್ಲಿ ಮೂವತ್ತೊಂದು ಚಳಿಗಾಲ ಮಣ್ಣು ಕೆದಕಿದವಳು. ಕಾರ್ನ್‌ವಾಲ್‌ನ ಆ ಕಡಲಂಚಿನಲ್ಲಿ ಜನವರಿಗೇ ಕ್ಯಾಮೆಲಿಯಾ ಅರಳುವುದು ತನ್ನ ಸ್ವಂತ ಸಾಧನೆ ಎಂದೇ ಅವಳ ನಂಬಿಕೆ. ಯಾರಾದರೂ ಸಮುದ್ರದ ಬೆಚ್ಚನೆಯ ಗಾಳಿಯ ಮಾತೆತ್ತಿದರೆ, "ಸಮುದ್ರ ಬಂದು ಎಲೆಗೊಬ್ಬರ ಹೊತ್ತಿತ್ತೇನು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಅವಳ ಕೆಲಸಗಳಲ್ಲಿ ಒಂದು, ನವೆಂಬರಿನಿಂದ ಮಾರ್ಚಿನವರೆಗೆ ಪ್ರತಿ ಸಂಜೆ ನಾಲ್ಕಕ್ಕೆ ಕಣಿವೆಯ ಕೆಳತುದಿಯ ಗೇಟು ತೆರೆದಿಡುವುದು. ಚಳಿ ನೀರಿನ ಹಾಗೆ ಇಳಿಜಾರಿನಲ್ಲಿ ಹರಿಯುತ್ತದೆ. ದಾರಿ ಬಿಟ್ಟರೆ ಸಮುದ್ರಕ್ಕೆ ಹೋಗಿ ಬೀಳುತ್ತದೆ, ತಡೆದರೆ ಅಲ್ಲೇ ಮಡುಗಟ್ಟುತ್ತದೆ. ಅವಳಿಗಿಂತ ಮುಂಚೆ ಅವಳ ಅಪ್ಪನೂ ಆ ಗೇಟು ತೆರೆಯುತ್ತಿದ್ದ, ತೆರೆದು ಚಳಿಗೆ ಟೋಪಿ ಎತ್ತಿ ಬೀಳ್ಕೊಡುತ್ತಿದ್ದ. ಲವ್‌ಡೇ ಅಷ್ಟು ಮರ್ಯಾದೆಯವಳಲ್ಲ. "ನಡಿ, ನಡಿ, ಹೊರಗೆ ನಡಿ," ಎನ್ನುತ್ತಿದ್ದಳು, ಪಕ್ಕದ ಮನೆಯ ಕೋಳಿಯನ್ನು ಅಟ್ಟುವ ಹಾಗೆ.

ಎಂಬತ್ತಾರರ ಶರತ್ಕಾಲದಲ್ಲಿ ಗ್ರೆಶಮ್ ಎಂಬ ಹೊಸ ಮ್ಯಾನೇಜರು ಲಂಡನ್ ಕಡೆಯಿಂದ ಬಂದ. ಒಳ್ಳೆಯ ಬೂಟು, ಒಳ್ಳೆಯ ಮೀಸೆ, ಜೇಬಿನಲ್ಲೊಂದು ನೋಟುಪುಸ್ತಕ. ಪಕ್ಕದವರ ಕುರಿಗಳು ನುಗ್ಗುತ್ತಿವೆಯೆಂದು ಆ ಗೇಟನ್ನು ಮುಚ್ಚಿ, ಎಂಟಡಿ ಎತ್ತರಕ್ಕೆ ಸಂದಿಲ್ಲದ ಹಾಗೆ ಹಲಗೆ ಹೊಡೆಸಿದ.

"ಚಳಿ ಎಲ್ಲಿಂದ ಆಚೆ ಹೋಗ್ಬೇಕು ಸ್ವಾಮಿ?" ಎಂದು ಲವ್‌ಡೇ ಕೇಳಿದಳು.

"ಚಳಿಗೂ ಗೇಟು ಬೇಕಾ, ಮಿಸೆಸ್ ಪೆಂಗಿಲ್ಲಿ? ಹಾಗಿದ್ರೆ ಟಿಕೆಟ್ಟೂ ಕೊಡಣ," ಎಂದ ಗ್ರೆಶಮ್. ತನ್ನ ಜೋಕಿಗೆ ತಾನೇ ನಕ್ಕ.

ಜನವರಿ ಎರಡನೆಯ ವಾರ ಚಳಿ ಬಂತು. ಬರೇ ಬರಲಿಲ್ಲ, ದಂಡೆತ್ತಿ ಬಂತು. ಬೆಟ್ಟದ ತಲೆಯಿಂದ ಕಣಿವೆಗಿಳಿದು, ಹಲಗೆಗೆ ಮುಖ ತಾಗಿಸಿ, ಇನ್ನು ಮುಂದೆ ದಾರಿಯಿಲ್ಲವೆಂದು ತಿಳಿದು ಅಲ್ಲೇ ಐದು ದಿನ ಬೀಡುಬಿಟ್ಟಿತು. ಡಾಫ್ನಿ ಪೊದೆ ಮೊದಲ ದಿನವೇ ಶರಣಾಯಿತು. ಮಿಮೋಸಾ ಮರ ಎರಡನೆಯ ದಿನ ಮಗ್ಗುಲಾಯಿತು. ಕ್ಯಾಮೆಲಿಯಾಗಳು ಅರಳಿದ ಹೂವಿನ ಸಮೇತ ನಿಂತಲ್ಲೇ ಕಂದುಬಣ್ಣಕ್ಕೆ ತಿರುಗಿದವು, ಒಲೆಯ ಮೇಲೆ ಮರೆತುಬಿಟ್ಟ ಹಾಲಿನ ಕೆನೆಯ ಹಾಗೆ. ವಿಚ್ ಹೇಜಲ್ ಪೊದೆ ಒಂದೇ ತನ್ನ ಹಳದಿ ಎಳೆಗಳನ್ನು ಸುರುಳಿ ಸುತ್ತಿಕೊಂಡು, ಬಿಸಿಲು ಬಂದಾಗ ಮತ್ತೆ ಬಿಡಿಸಿಕೊಂಡು, ಏನೂ ಆಗಿಲ್ಲದವಳ ಹಾಗೆ ನಿಂತಿತ್ತು. ಹಿಮ ಕರಗಿದ ಮೇಲೆ ಇಡೀ ಕಣಿವೆಯಲ್ಲಿ ಒಂದು ಗೆರೆ ಕಾಣಿಸಿತು. ಹಲಗೆಯ ಎತ್ತರಕ್ಕೆ ಸರಿಯಾಗಿ ಕೆಳಗೆಲ್ಲ ಕಪ್ಪು, ಮೇಲೆಲ್ಲ ಗುಲಾಬಿ ಬಣ್ಣ. ಗ್ರೆಶಮ್ ಯಾರಿಗೂ ಹೇಳದೆ ಹಲಗೆ ಬಿಚ್ಚಿಸಿದ.

ಆದರೆ ಕಪ್ಪಾದದ್ದನ್ನು ಬಿಚ್ಚಿಸಲು ಬರುವುದಿಲ್ಲವಲ್ಲ. ಈಸ್ಟರ್‌ಗೆ ತೋಟ ನೋಡಲು ಜನ ಬರುತ್ತಾರೆ. ಅಷ್ಟರೊಳಗೆ ಕೆಳಗಿನ ಕಣಿವೆಯನ್ನೆಲ್ಲ ಅಗೆಸಿ ಹುಲ್ಲುಹಾಸು ಹಾಕಿಸುವುದೆಂದು ಅವನು ತೀರ್ಮಾನಿಸಿದ. ಒಡತಿ ಮಿಸೆಸ್ ಕಾರ್ವೊಸ್ಸೊಗೆ ಎಂಬತ್ತೆರಡು. ತನ್ನ ಮಾವ ನೆಡಿಸಿದ ಗಿಡಗಳು ಕರಿಕಡ್ಡಿಗಳಾಗಿ ನಿಂತದ್ದನ್ನು ನೋಡಲಾಗದೆ ಆಕೆಯೂ ಹೂಂ ಎಂದಳು.

ಹೂಂ ಎನ್ನದವಳು ಲವ್‌ಡೇ ಒಬ್ಬಳೇ. ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಚಳಿ ಹೊಡೆದ ಪೊದೆಯನ್ನು ಬೇಸಗೆಯ ನಡುವೆ, ಜೂನಿನಲ್ಲಿ ಬರುವ ಸೇಂಟ್ ಜಾನ್ ಹಬ್ಬದ ಬೆಂಕಿ ಹೊತ್ತಿಸುವವರೆಗೆ ಮುಟ್ಟಬಾರದು. ಬುಡ ಬದುಕಿದೆಯೋ ಸತ್ತಿದೆಯೋ ಎಂದು ಗಿಡಕ್ಕೇ ಅಲ್ಲಿಯವರೆಗೆ ಗೊತ್ತಿರುವುದಿಲ್ಲ. ಅವಳು ಮೂರು ದಿನ ಕಣಿವೆಯಲ್ಲಿ ಮಂಡಿಯೂರಿ ತೆವಳಿದಳು. ಪ್ರತಿ ಗಿಡದ ಬುಡದಲ್ಲಿ ಹೆಬ್ಬೆರಳ ಉಗುರಿನಿಂದ ತೊಗಟೆ ಕೆರೆದಳು. ಕಂದು ಕಂಡರೆ ಮುಂದೆ ಹೋದಳು, ಹಸಿರು ಕಂಡರೆ ಕೆಂಪು ಉಣ್ಣೆ ನೂಲು ಕಟ್ಟಿದಳು.

"ನನ್ನ ಕೆಂಪು ಸ್ವೆಟರ್ ಎಲ್ಲೇ?" ಎಂದು ಗಂಡ ಜೋರಿ ಮನೆಯೆಲ್ಲ ಹುಡುಕಿದ.

"ಕಣಿವೆಲಿದೆ," ಎಂದಳು.

"ಕಣಿವೆಲಿ ಎಲ್ಲಿ?"

"ನೂರ ಮೂರು ಕಡೆ."

ಸೋಮವಾರ ಬೆಳಿಗ್ಗೆ ಅಗೆಯುವ ಯಂತ್ರ ಬಂತು. ಅದರ ಮೇಲೆ ಕೂತವನು ಡೆನ್ಜಿಲ್, ಲವ್‌ಡೇಯ ಅಕ್ಕನ ಮಗ, ನಲವತ್ತು ವರ್ಷದ, ನೂರು ಕಿಲೋ ತೂಕದ ಆಸಾಮಿ. ದಾರಿಯ ನಟ್ಟನಡುವೆ ಲವ್‌ಡೇ ಬಕೆಟ್ ಬೋರಲು ಹಾಕಿ ಕೂತಿದ್ದಳು. ತೊಡೆಯ ಮೇಲೆ ಚಹಾದ ಫ್ಲಾಸ್ಕು, ಕೈಯಲ್ಲಿ ಕೇಸರಿ ಬನ್ನು.

"ಚಿಕ್ಕಮ್ಮ, ಏಳು. ಕೆಲಸ ಇದೆ."

"ನಂಗೂ ಇದೆ. ಕೂತಿದೀನಿ, ಕಾಣಲ್ವಾ?"

"ಸಾಹೇಬ್ರು ಬೈತಾರೆ."

"ಅವ್ರು ಬೈದ್ರೆ ಈ ಕಿವಿಲಿ ಕೇಳಿ ಆ ಕಿವಿಲಿ ಬಿಡು. ನಾನು ಬೈದ್ರೆ ನಿಮ್ಮಮ್ಮಂಗೆ ಕೇಳ್ಸತ್ತೆ. ಬನ್ನು ತಿಂತೀಯಾ?"

ಡೆನ್ಜಿಲ್ ಎರಡೂ ಸೈನ್ಯಗಳ ಬಲಾಬಲವನ್ನು ತೂಗಿ ನೋಡಿ, ಯಂತ್ರ ನಿಲ್ಲಿಸಿ, ಇಳಿದು ಬಂದು ಬನ್ನು ತಿಂದ.

ಅಷ್ಟರಲ್ಲಿ ಗ್ರೆಶಮ್ ಓಡುತ್ತ ಬಂದ. ಅವನ ಹಿಂದೆ, ಗಲಾಟೆ ಎಂದರೆ ಈ ವಯಸ್ಸಿನಲ್ಲೂ ತಪ್ಪಿಸಿಕೊಳ್ಳದ ಮಿಸೆಸ್ ಕಾರ್ವೊಸ್ಸೊ ಕೋಲೂರಿಕೊಂಡು ಬಂದಳು.

"ಸತ್ತ ಗಿಡಕ್ಕೆ ಕಾವಲು ಕೂತಿದೀರಲ್ಲ, ಮಿಸೆಸ್ ಪೆಂಗಿಲ್ಲಿ," ಎಂದ ಗ್ರೆಶಮ್.

"ನೂಲು ಇಲ್ಲದ್ದೆಲ್ಲ ಸತ್ತಿದೆ. ಅಗೀರಿ, ನಾನೇ ಸನಿಕೆ ತಂದ್ಕೊಡ್ತೀನಿ. ನೂಲಿರೋದನ್ನ ಮುಟ್ಟೋಕೆ ಮುಂಚೆ ನಿಮ್ಮ ಉಗುರಲ್ಲಿ ಕೆರೆದು ನೋಡಿ. ನನ್ನ ಉಗುರನ್ನ ನಂಬಬೇಡಿ."

ಗ್ರೆಶಮ್ ಪೆನ್ಸಿಲ್ ಚೂಪು ಮಾಡುವ ಚಾಕು ತೆಗೆದು, ನೂಲು ಕಟ್ಟಿದ್ದವುಗಳಲ್ಲಿ ಬೇಕೆಂದೇ ಎಲ್ಲಕ್ಕಿಂತ ಕರ್ರಗಿದ್ದ ಗಿಡವನ್ನು ಆರಿಸಿ ಕೆರೆದ. ಒಳಗೆ ಹಸಿ ಅವರೆಕಾಯಿಯ ಸಿಪ್ಪೆಯ ಬಣ್ಣ. ಮತ್ತೊಂದನ್ನು ಕೆರೆದ. ಮೂರನೆಯದಕ್ಕೆ ಮಂಡಿಯೂರಿದ. ಹತ್ತನೆಯ ಗಿಡದ ಹೊತ್ತಿಗೆ ಅವನ ಒಳ್ಳೆಯ ಪ್ಯಾಂಟು ಮಂಡಿಯ ತನಕ ಕೆಸರಾಗಿತ್ತು.

ಮಿಸೆಸ್ ಕಾರ್ವೊಸ್ಸೊ ಕೋಲನ್ನು ಡೆನ್ಜಿಲ್ ಕೈಗೆ ಕೊಟ್ಟು, ಬಗ್ಗಿ, ತಾನೂ ಒಂದನ್ನು ಕೆರೆದಳು. ಕಣ್ಣು ಮಂಜಾಗಿದ್ದವಳು, ಬೆರಳನ್ನು ಮೂಗಿಗೆ ಹಿಡಿದು ಮೂಸಿದಳು.

"ಹಸೀ ವಾಸನೆ," ಎಂದಳು. "ಎಷ್ಟು ದಿನ ಬೇಕು ಲವ್‌ಡೇ?"

"ಸೇಂಟ್ ಜಾನ್ ಹಬ್ಬದ ತನಕ, ಅಮ್ಮಾ."

"ಈಸ್ಟರ್‌ಗೆ ಬರೋ ಜನಕ್ಕೆ ಏನು ತೋರ್ಸೋದು?" ಎಂದ ಗ್ರೆಶಮ್.

"ಇದನ್ನೇ. ಚಳಿಗಾಲ ಬಂದಿತ್ತು, ನಾವಿನ್ನೂ ಇದೀವಿ ಅಂತ ತಿಳ್ಕೊಂಡು ಹೋಗ್ಲಿ," ಎಂದಳು ಮಿಸೆಸ್ ಕಾರ್ವೊಸ್ಸೊ.

ಹಾಗೆಯೇ ಆಯಿತು. ಈಸ್ಟರ್‌ನಲ್ಲಿ ದೂರದ ಊರುಗಳಿಂದ ಬಂದ ಹೆಂಗಸರಿಗೆ ಲವ್‌ಡೇ ಇಸ್ತ್ರಿ ಮಾಡಿದ ಏಪ್ರನ್ ಕಟ್ಟಿಕೊಂಡು ಒಂದೊಂದು ಕರಿಕಡ್ಡಿಯ ಹೆಸರನ್ನೂ ಹೇಳಿ, ಅದು ಅರಳಿದಾಗಿನ ಬಣ್ಣವನ್ನು ವರ್ಣಿಸಿದಳು. ಒಬ್ಬಾಕೆ ಅರಳಿದ್ದು ಎಲ್ಲಿದೆ ಎಂದು ಕೇಳಿದಾಗ, "ಮುಂದಿನ ಜನವರಿಲಿ ಬನ್ನಿ, ಕೋಟು ತನ್ನಿ," ಎಂದಳು.

ಸೇಂಟ್ ಜಾನ್ ಹಬ್ಬದ ದಿನ ಲೆಕ್ಕ ಹಾಕಿದರು. ಎಂಬತ್ತೊಂದು ಗಿಡಗಳು ಬುಡದಿಂದ ಕೆಂಪು ಚಿಗುರು ಬಿಟ್ಟಿದ್ದವು. ಇಪ್ಪತ್ತೆರಡು ಬಿಟ್ಟಿರಲಿಲ್ಲ, ಚಳಿಗೆ ಸೀಳಿದ್ದ ತೊಗಟೆ ಒಳಗೊಳಗೇ ಒಣಗಿ, ಮಾರ್ಚಿನಲ್ಲಿ ಹಸಿರಾಗಿದ್ದದ್ದು ಜೂನಿನಲ್ಲಿ ಕಂದಾಗಿತ್ತು.

"ಇಪ್ಪತ್ತೆರಡು," ಎಂದು ಗ್ರೆಶಮ್ ನೋಟುಪುಸ್ತಕದಲ್ಲಿ ಬರೆದುಕೊಂಡ. ಅವನ ದನಿಯಲ್ಲಿ ಸಂತೋಷ ಸ್ವಲ್ಪ ಇಣುಕಿತು.

"ಹೂಂ. ಇಪ್ಪತ್ತೆರಡರಲ್ಲಿ ನಾನು ಸೋತೆ," ಎಂದಳು ಲವ್‌ಡೇ. "ಉಳಿದದ್ದನ್ನೂ ಬರ್ಕೊಳಿ, ಪುಟದಲ್ಲಿ ಜಾಗ ಇದೆ."

ಆ ಇಪ್ಪತ್ತೆರಡರಲ್ಲಿ ಹಳ್ಳದ ಪಕ್ಕದ ಬಿಳಿ ಕ್ಯಾಮೆಲಿಯಾ ಒಂದು. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಅವಳೇ ನೆಟ್ಟದ್ದು, ಕ್ರಿಸ್‌ಮಸ್ಸಿಗೇ ಹೂಬಿಡುತ್ತಿದ್ದದ್ದು. ಡೆನ್ಜಿಲ್ ಯಂತ್ರ ತರುತ್ತೇನೆಂದ. ಬೇಡವೆಂದು ಗದರಿಸಿ, ಎರಡು ದಿನ ಸನಿಕೆ ಹಿಡಿದು ಬೇರು ಸಮೇತ ತಾನೇ ಎತ್ತಿದಳು. ಎರಡು ದಿನವೂ ಜೋರಿ ಊಟದ ಡಬ್ಬಿಯನ್ನು ಬೇಲಿಯ ಮೇಲಿಟ್ಟು ಹೋದ.

ಅಕ್ಟೋಬರಿನಲ್ಲಿ ಆ ಜಾಗಕ್ಕೆ ಅವಳು ಕುಂಡದಲ್ಲೊಂದು ಸಸಿ ತಂದಳು. ಗ್ರೆಶಮ್ ಬಂದು ನಿಂತು ನೋಡಿದ.

"ಇಲ್ಲಿಗೆ ಲಾರೆಲ್ ಹಾಕಣ. ಗಟ್ಟಿ ಗಿಡ. ಏನಾದ್ರೂ ತಡ್ಕೊಳತ್ತೆ."

"ಲಾರೆಲ್ ಹೂವು ನೋಡಕ್ಕೆ ಜನವರಿಲಿ ಯಾರು ಬರ್ತಾರೆ ಸ್ವಾಮಿ? ಇದು ಅದೇ ಬಿಳೀದು."

"ಮತ್ತೆ ಅಂಥದ್ದೇ ಚಳಿ ಬಂದ್ರೆ?"

"ಬರ್ಲಿ. ಬಂದಾಗ ನೋಡ್ಕೊಳಣ." ಅವಳು ಬೆನ್ನು ನೆಟ್ಟಗೆ ಮಾಡಿ ಸನಿಕೆಯನ್ನು ಅವನ ಕಡೆ ಚಾಚಿದಳು. "ಸುಮ್ನೆ ನಿಂತಿದೀರಲ್ಲ, ತಗೊಳಿ. ಗುಂಡಿ ಇನ್ನೂ ಒಂದಡಿ ಅಗಲ ಆಗ್ಬೇಕು."

ಗ್ರೆಶಮ್ ತನ್ನ ಬೂಟನ್ನು ನೋಡಿಕೊಂಡ, ಸನಿಕೆಯನ್ನು ನೋಡಿದ, ನೋಟುಪುಸ್ತಕವನ್ನು ಜೇಬಿಗಿಟ್ಟುಕೊಂಡು ಅಗೆಯತೊಡಗಿದ.