ಅಂಗಿಯ ಅಂಚಿನಲ್ಲಿ ಹೊಲಿದ ಮಾತ್ರೆಗಳು

ನನ್ನ ತಮ್ಮನನ್ನು ಓಣಿಯವರು ‘ಲಿಫ್ಟ್’ ಎಂದೇ ಕರೆಯುತ್ತಾರೆ. ಅವನು ಲಿಫ್ಟ್ ರಿಪೇರಿಯವನು ಎಂಬುದು ಅರ್ಧ ಕಾರಣ. ಸಂಜೆ ಕುಡಿದು ಮೇಲೆ, ಬೆಳಿಗ್ಗೆ ಅಮಲಿಳಿದು ಕೆಳಗೆ ಎಂಬುದು ಇನ್ನರ್ಧ. ಈ ಜೋಕು ಹುಟ್ಟಿ ಹನ್ನೊಂದು ವರ್ಷವಾಯಿತು. ನನಗಂತೂ ಒಂದು ದಿನವೂ ನಗು ಬಂದಿಲ್ಲ.

ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಲಿಫ್ಟಿನ ತಲೆಯ ಮೇಲೆ ನಿಂತು, ಕಣ್ಣು ಮುಚ್ಚಿ, ಹಗ್ಗ ಓಡುವ ಸದ್ದಿನಿಂದಲೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಾನೆ. ಆದರೆ ಆ ಕತ್ತಲೆಯ ಶಾಫ್ಟಿನಲ್ಲಿ ದಿನವಿಡೀ ಒಬ್ಬನೇ ಇರುವವನ ಸ್ಪ್ಯಾನರ್ ಚೀಲದಲ್ಲಿ ಏನಿದೆ ಎಂದು ನೋಡುವವರು ಯಾರು? ಮೊದಮೊದಲು ಕೆಲಸ ಮುಗಿದ ಮೇಲೆ ಕುಡಿಯುತ್ತಿದ್ದ. ಆಮೇಲೆ ಕೆಲಸದ ನಡುವೆ. ಕೊನೆಗೆ, ಬೆಳಿಗ್ಗೆ ಕೈ ನಡುಗದಿರಲಿ ಎಂದು. ಒಮ್ಮೆ ತಾನಾಗಿಯೇ ಹಟ ಹಿಡಿದು ಬಿಟ್ಟ. ಎರಡೇ ದಿನಕ್ಕೆ ಫಿಟ್ಸ್ ಬಂದು ಬಚ್ಚಲಲ್ಲಿ ಬಿದ್ದಿದ್ದ.

ಆಸ್ಪತ್ರೆಯ ಡಾಕ್ಟರಮ್ಮ ಹತ್ತು ದಿನದ ಮಾತ್ರೆ ಬರೆದುಕೊಟ್ಟು ನನಗೆ ಬಿಡಿಸಿ ಹೇಳಿದರು: “ಏಕಾಏಕಿ ಬಿಡಿಸ್ಬೇಡಿ. ಮಾತ್ರೆ ಕೊಡ್ತಾನೇ ಬಿಡಿಸ್ಬೇಕು. ಇನ್ನೊಂದ್ಸಲ ಹೀಗೆ ಬಂದ್ರೆ ಜೀವಕ್ಕೇ ಅಪಾಯ.”

ಎಲ್ಲಿ ಬಿಡಿಸುವುದು ಎಂಬುದೇ ಜಗಳ. ನಮ್ಮ ಸೋದರಮಾವ ಚರ್ಚಿನ ಸಭೆಯ ಹಿರಿಯರು. ಅವರ ಪಾಸ್ಟರ್ ನಡೆಸುವ ಪ್ರಾರ್ಥನಾ ಕೇಂದ್ರದಲ್ಲಿ ಕುಡಿತ ಬಿಟ್ಟವರು ಎಷ್ಟೋ ಜನ ಇದ್ದಾರಂತೆ. ಇರಬಹುದು, ನಾನು ಸುಳ್ಳೆನ್ನುವುದಿಲ್ಲ. ಆದರೆ ಅಲ್ಲಿ ಮಾತ್ರೆ ತರುವಂತಿಲ್ಲ. “ಯೇಸು ಕೈ ಹಿಡಿದ್ಮೇಲೆ ಗುಳಿಗೆ ಯಾಕಮ್ಮ?” ಎಂದರು ಮಾವ. ಆಸ್ಪತ್ರೆಯ ವ್ಯಸನಮುಕ್ತಿ ವಾರ್ಡಿಗೆ ಫೋನ್ ಮಾಡಿದರೆ ಅಲ್ಲಿನ ಆಪ್ತಸಮಾಲೋಚಕನದು ಇನ್ನೊಂದು ರಾಗ: “ಬೈಬಲ್ಲು ಗಿಬಲ್ಲು ಮನೇಲೇ ಬಿಟ್ಟು ಕಳ್ಸಿ ಮೇಡಂ. ಇಲ್ಲಿ ಅದೆಲ್ಲ ನಡೆಯಲ್ಲ.” ಇಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರೇ. ಒಂಬತ್ತು ದಿನ ಊಟದ ಮೇಜಿನ ಸುತ್ತ ಕೂತು ಕಿತ್ತಾಡಿದೆವು; ಅಷ್ಟು ದಿನವೂ ಅವನ ಕುಡಿತ ನಡೆದೇ ಇತ್ತು, ಮಾತ್ರೆಗಳು ಮುಟ್ಟದೆ ಹಾಗೇ ಇದ್ದವು. ತಮ್ಮ ಅದೇ ಮೇಜಿನ ತುದಿಯಲ್ಲಿ ಕೂತು ತನ್ನ ಉಗುರಿನ ಗ್ರೀಸ್ ಕೆರೆಯುತ್ತಿದ್ದ.

ಕೊನೆಗೆ ಪ್ರಾರ್ಥನಾ ಕೇಂದ್ರಕ್ಕೇ ಕಳಿಸೋಣ ಎಂದು ಅಮ್ಮ ಅತ್ತಳು. ನಾನು ಸೋತೆ. ಸೋತರೆ ನೆಟ್ಟಗೆ ಸೋಲಬೇಕಿತ್ತು, ಇಲ್ಲ ನೆಟ್ಟಗೆ ನಿಂತು ಜಗಳವಾಡಬೇಕಿತ್ತು. ನಾನು ಎರಡೂ ಮಾಡಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬುದ್ಧಿ ಓಡಿಸಿದೆ. ಹಳೆ ಬಟ್ಟೆ ಸರಿಮಾಡಿ ಕೊಡುವ ಟೈಲರ್ ಅಲ್ಲವೇ ನಾನು? ಅವನ ಎರಡು ಅಂಗಿಗಳ ಕೆಳಗಿನ ಮಡಿಕೆ ಬಿಚ್ಚಿದೆ. ಸ್ಟ್ರಿಪ್ಪಿನಲ್ಲೇ ಇದ್ದರೆ ಸರಪರ ಸದ್ದಾಗುತ್ತದೆಂದು ಮಾತ್ರೆಗಳನ್ನು ಬಿಡಿಸಿ, ಲೈನಿಂಗ್ ಬಟ್ಟೆಯ ಪುಟ್ಟ ಪುಟ್ಟ ಜೇಬುಗಳಲ್ಲಿಟ್ಟು, ಮೇಲೆ ಮತ್ತೆ ಮಡಿಚಿ, ದಾರ ಎಳೆದರೆ ಬಿಚ್ಚುವಂತೆ ಹೊಲಿದೆ. ಎಷ್ಟು ನೀಟಾಗಿ ಹೊಲಿದಿದ್ದೆನೆಂದರೆ ನನಗೇ ನನ್ನ ಮೇಲೆ ಹೆಮ್ಮೆಯಾಯಿತು.

“ಬೆಳಿಗ್ಗೆ ಒಂದು, ಸಂಜೆ ಒಂದು. ಯಾರಿಗೂ ತೋರಿಸ್ಬೇಡ.”

“ಕದ್ದು ಯಾಕಕ್ಕ? ನಾನೇ ಪಾಸ್ಟರ್ ಹತ್ರ ಕೇಳ್ತೀನಿ.”

“ಬಾಯ್ಮುಚ್ಕೊಂಡಿರು. ನಿಂಗೇನು ಗೊತ್ತಾಗುತ್ತೆ!”

ಕೇಂದ್ರಕ್ಕೆ ಕಾಲಿಟ್ಟ ಕೂಡಲೇ ಅವನಿಗೆ ಅಲ್ಲಿಯ ಬಿಳಿ ಅಂಗಿ ಕೊಟ್ಟರು. ಅವನ ಬಟ್ಟೆಗಳನ್ನು ಸೋಪಿನ ಬಕೆಟ್ಟಿನಲ್ಲಿ ನೆನೆಹಾಕಿದರು. ಬಟ್ಟೆ ಎಂದ ಮೇಲೆ ಒಗೆಯುತ್ತಾರೆ ಎಂಬುದು, ಇಪ್ಪತ್ತೆರಡು ವರ್ಷ ಬಟ್ಟೆಯಲ್ಲೇ ಬದುಕಿದ ನನಗೆ ಹೊಳೆಯಲಿಲ್ಲ. ಅವನು ಓಡಿಹೋಗಿ ನೋಡುವಷ್ಟರಲ್ಲಿ ಮಾತ್ರೆಗಳೆಲ್ಲ ಕರಗಿ ನೀರಾಗಿದ್ದವು. ಅಕ್ಕನ ಮಾನ ಹೋಗುತ್ತದೆಂದು ಅವನು ಅಲ್ಲಿ ಯಾರಿಗೂ ಹೇಳಲಿಲ್ಲ; ನನಗೆ ಹೇಳಿದ್ದೂ ಎಷ್ಟೋ ದಿನ ಕಳೆದ ಮೇಲೆ.

ಮೂರನೆಯ ದಿನ ಬೆಳಗಿನ ಪ್ರಾರ್ಥನೆಯ ನಡುವೆ ಬಿದ್ದ. ದುರಾತ್ಮ ಬಿಟ್ಟುಹೋಗುತ್ತಿದೆ ಎಂದುಕೊಂಡು ಸುತ್ತ ನಿಂತು ಇನ್ನೂ ಜೋರಾಗಿ ಪ್ರಾರ್ಥಿಸಿದರಂತೆ. ಒಂದಲ್ಲ ಎರಡಲ್ಲ, ನಲವತ್ತು ನಿಮಿಷ! ಆಂಬುಲೆನ್ಸಿಗೆ ಫೋನ್ ಮಾಡಿದವಳು ಅಲ್ಲಿನ ಅಡುಗೆಯವಳು. ಅವಳೂ ಅದೇ ದೇವರನ್ನು ನಂಬಿದವಳೇ. ಅವಳಿಲ್ಲದಿದ್ದರೆ ನನ್ನ ತಮ್ಮ ಇಂದು ಇರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅವನ ನಾಲಿಗೆಗೆ ನಾಲ್ಕು ಹೊಲಿಗೆ ಬಿದ್ದಿದ್ದವು. ಮಂಚದ ಆಚೆ ಮಾವ, “ವಿಶ್ವಾಸ ಸಾಲಲಿಲ್ಲ, ಅದಕ್ಕೇ ಹೀಗಾಯ್ತು” ಎಂದರು. ಈಚೆ ಆಪ್ತಸಮಾಲೋಚಕ, “ನಾವು ಮೊದ್ಲೇ ಹೇಳಿದ್ವಲ್ಲ” ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

“ಮಾವ, ಇನ್ನೊಂದು ಮಾತಾಡಿದ್ರೆ ನೀವು ದೊಡ್ಡವ್ರು ಅನ್ನೋದನ್ನೂ ನೋಡಲ್ಲ! ಇವನು ವಾರ್ಡಿಗೇ ಹೋಗ್ತಾನೆ. ಇವತ್ತೇ!” ಎಂದು ಕೂಗಿ, ಅವನ ಚೀಲದಿಂದ ಬೈಬಲ್ ತೆಗೆದು ಅಮ್ಮನ ಮಡಿಲಿಗೆ ಹಾಕಿದೆ.

“ಅಕ್ಕಾ.” ದಪ್ಪಗೆ ಊದಿದ ನಾಲಿಗೆಯಿಂದ ಮಾತು ಒಂದೊಂದಾಗಿ ಬಂತು. “ಕುಡಿಯೋದು ಬಿಡ್ಬೇಕಾದೋನು ನಾನು. ಎಲ್ಲಿ ಬಿಡ್ತೀಯೋ ಅಂತ ಒಬ್ರಾದ್ರೂ ಕೇಳಿದ್ರಾ?”

ಯಾರೂ ಕೇಳಿರಲಿಲ್ಲ. ಅಮ್ಮನೂ, ಮಾವನೂ, ಪ್ರಾಣವನ್ನೇ ಅವನ ಮೇಲಿಟ್ಟಿದ್ದೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗುವ ನಾನೂ.

“ಮಾತ್ರೆ ನಾನು ತಯಾರು ಮಾಡೋಕಾಗಲ್ಲ. ಅದನ್ನ ಕೊಡೋ ಕಡೆ ಹೋಗ್ತೀನಿ. ಪ್ರಾರ್ಥನೆ ನಾನೇ ಮಾಡ್ಕೋತೀನಿ, ಅದಕ್ಕೆ ಯಾರ ಅಪ್ಪಣೇನೂ ಬೇಕಿಲ್ಲ. ಪುಸ್ತಕ ವಾಪಸ್ ಇಡು.”

ಆಪ್ತಸಮಾಲೋಚಕ ಬಾಯಿ ತೆರೆದ. ಡಾಕ್ಟರಮ್ಮ ಅವನತ್ತ ನೋಡದೆಯೇ, “ಇಟ್ಕೊಳ್ಲಿ ಬಿಡಿ” ಎಂದು ವಾರ್ಡಿನ ಫಾರಂ ಮುಂದೆ ಚಾಚಿದರು.

ನಾನು ಅಭ್ಯಾಸಬಲದಿಂದ ಕೈ ನೀಡಿದೆ. ತಮ್ಮ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ಪೆನ್ನು ತೆಗೆದುಕೊಂಡ. ಮೊದಲ ಅಕ್ಷರ ಗೆರೆ ದಾಟಿತು, ಪೆನ್ನು ಜಾರಿ ಹೊದಿಕೆಯ ಮೇಲೆ ಬಿತ್ತು. ಅವನೇ ತಡಕಾಡಿ ಹುಡುಕಿಕೊಂಡ. ಸಹಿ ಮುಗಿಯುವವರೆಗೆ ಅಮ್ಮ, ಮಾವ, ನಾನು ಮೂವರೂ ಗೋಡೆಗೆ ಒರಗಿ ನಿಂತಿದ್ದೆವು.