ಛೀ ಸಾರ್ ಒರೆಸಿದ ಗಾಜು

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಸಂಶೋಧನಾಲಯದಲ್ಲಿ ಕಾವಲಿನವನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವರು ಛೀ ಸಾರ್. ನಿರ್ದೇಶಕರು ಎದುರಿಗೆ ಹಾಗೆ ಕರೆಯುತ್ತಿರಲಿಲ್ಲ, ಅಷ್ಟೇ. ಬಾಗಿಲ ಹಿಡಿಕೆ ಮುಟ್ಟಬೇಕಾಗಿ ಬಂದರೆ ಛೀ. ಇನ್ನೊಬ್ಬರ ಪೆನ್ನು ಕೈಗೆ ಸಿಕ್ಕರೆ ಛೀ. ಲಿಫ್ಟಿನಲ್ಲಿ ಪಕ್ಕದವರು ಕೆಮ್ಮಿದರೆ ಅದನ್ನು ಹೇಳಲೂ ಪುರುಸೊತ್ತಿಲ್ಲದೆ ಮುಂದಿನ ಮಹಡಿಯಲ್ಲೇ ಇಳಿದು ಮೆಟ್ಟಿಲು ಹಿಡಿಯುತ್ತಿದ್ದರು. ನಮ್ಮ ಮಗಳು ಆಡಿದ ಮೊದಲ ಮಾತು ಅಮ್ಮ ಅಂತಲೂ ಅಲ್ಲ, ಅಪ್ಪ ಅಂತಲೂ ಅಲ್ಲ ಎಂದು ಅವರ ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಮತ್ತೆ ಏನು ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಇಂಥವರ ಪಾಲಿಗೆ ಬಂದ ಕೆಲಸ ನೋಡಿ. ಸಾಮಾನ್ಯ ಸೂಕ್ಷ್ಮದರ್ಶಕ ದೂರ ನಿಂತು ನೋಡುವಂಥದು. ಬೆಳಕು ತನ್ನ ಅಲೆಯ ಅರ್ಧಕ್ಕಿಂತ ಚಿಕ್ಕದಾದ ವಿವರಗಳನ್ನು ಅಷ್ಟು ದೂರಕ್ಕೆ ಬಿಡಿಬಿಡಿಯಾಗಿ ಹೊತ್ತು ತರಲಾರದು. ಎಲ್ಲವನ್ನೂ ಕಲಸಿ ಮುದ್ದೆ ಮಾಡಿಬಿಡುತ್ತದೆ. ಆದರೆ ವಸ್ತುಗಳ ಮೈಗೇ ಅಂಟಿಕೊಂಡು, ಹೊಸ್ತಿಲು ದಾಟದೆ ಅಲ್ಲೇ ಆರಿಹೋಗುವ ಬೆಳಕೂ ಒಂದಿದೆ. ಸಣ್ಣ ವಿವರಗಳ ಗುಟ್ಟೆಲ್ಲ ಇರುವುದು ಅದರ ಹತ್ತಿರ. ಅದನ್ನು ಹಿಡಿಯಬೇಕಾದರೆ ಮೂಗು ತಾಗುವಷ್ಟು ಸಮೀಪ ಹೋಗಲೇಬೇಕು. ಛೀ ಸಾರ್ ಅವರ ಯಂತ್ರಕ್ಕೆ ಅಂಥದೊಂದು ಮೂಗಿತ್ತು: ಕಾಯಿಸಿ ಎಳೆದು ಚೂಪು ಮಾಡಿದ ಗಾಜಿನ ಎಳೆ, ಅದರ ಮೈಗೆ ಅಲ್ಯೂಮಿನಿಯಂ ಲೇಪ, ತುದಿಯಲ್ಲಿ ಬೆಳಕಿನ ಅಲೆಗಿಂತ ಚಿಕ್ಕ ತೂತು. ಕೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು ಅಂತರದಲ್ಲಿ ಆ ತುದಿ ಗೆರೆಗೆರೆಯಾಗಿ ತೆವಳಿ ಚಿತ್ರ ಬಿಡಿಸುತ್ತಿತ್ತು. ಯಾರನ್ನೂ ಒಂದು ಮಾರು ದೂರದೊಳಗೆ ಬಿಟ್ಟುಕೊಳ್ಳದ ಮನುಷ್ಯ ಎಷ್ಟೋ ವರ್ಷಗಳಿಂದ ಇದೇ ಕೆಲಸ ಮಾಡಿಕೊಂಡು ಅನ್ನ ತಿನ್ನುತ್ತಿದ್ದರು.

ಹಾಗೆ ಹತ್ತಿರದಿಂದ ನೋಡಿ ನೋಡಿಯೇ ಅವರ ಅಸಹ್ಯ ಬಲಿತಿತ್ತು ಎನ್ನಬೇಕು. ಬೇರೆಯವರಿಗೆ ಮೇಜು ಎಂದರೆ ಮೇಜು. ಇವರಿಗೆ ಅದು ಬೆರಳ ಜಿಡ್ಡಿನ ಗುಡ್ಡ, ಎಂಜಲಿನ ಕೆರೆ, ಉದುರಿದ ಚರ್ಮದ ದಿಬ್ಬ. ಯಂತ್ರದ ಕೋಣೆಯ ಬಾಗಿಲಿಗೆ ಅವರೇ ಬರೆದು ಅಂಟಿಸಿದ ಬೋರ್ಡಿತ್ತು: ‘ತೊಳೆಯದೆ ತರಬೇಡಿ. ತೊಳೆದು ತಂದರೂ ನಾನು ತೊಳೆಯುತ್ತೇನೆ.’ ಇಲ್ಲಿಗೆ ಬರುತ್ತಿದ್ದವರೆಲ್ಲ ಚಿನ್ನದ ಪದರ, ಸಿಲಿಕಾನಿನ ಚೂರು ತರುವವರು. ಸ್ಪಿರಿಟ್ಟಿನಲ್ಲಿ ಒರೆಸಿದರೆ ಅವಕ್ಕೆ ಒಳ್ಳೆಯದೇ ಆಗುತ್ತಿತ್ತು.

ಆ ದಿನ ಬಂದವಳು ಅವರ ನಾದಿನಿ, ಹೆಂಡತಿಯ ಕೊನೆಯ ತಂಗಿ. ಊರಿನ ಇನ್ನೊಂದು ತುದಿಯ ಪ್ರಯೋಗಾಲಯದಲ್ಲಿ ನೊಣಗಳ ಕಾಲನ್ನು ಅಭ್ಯಾಸ ಮಾಡುತ್ತಿದ್ದಳು. ನೊಣ ನಯವಾದ ಗಾಜಿನ ಮೇಲೆ ಜಾರದೆ ನಡೆಯುವುದು ಪಾದದಲ್ಲಿ ಒಸರುವ ಜಿಡ್ಡಿನಿಂದ. ಪಾದದ ಒಂದೊಂದು ರೋಮವೂ ಬೇರೆಬೇರೆ ಹನಿ ಇಟ್ಟು ಹೋಗುತ್ತದೆ ಎಂದು ಇವಳ ವಾದ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಒಂದೇ ಮಸಿಮಸಿ ಕಲೆ. ಮರುದಿನ ಬೆಳಿಗ್ಗೆ ಪರಿಶೀಲನಾ ಸಮಿತಿ ಕೂರುವುದಿತ್ತು. ಹನಿಗಳು ಬಿಡಿಯಾಗಿ ಕಾಣುವ ಚಿತ್ರ ತೋರಿಸಿದರೆ ಅವಳ ಹುದ್ದೆ ಉಳಿಯುತ್ತದೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಹುದ್ದೆಯ ವಿಷಯ ಛೀ ಸಾರ್ ಅವರಿಗೆ ಗೊತ್ತಿತ್ತು, ನೊಣ ಮತ್ತು ಅದರ ಹನಿಯ ವಿಷಯ ಗೊತ್ತಿರಲಿಲ್ಲ. ಅದನ್ನು ಮುಚ್ಚಿಡುವ ಉಪಾಯ ಅಕ್ಕನದು. “ನೊಣ ಅಂತ ಬಾಯಿ ಬಿಟ್ಯೋ, ನಿನ್ನನ್ನ ಮೆಟ್ಟಿಲೂ ಹತ್ತಿಸಲ್ಲ ಅವರು. ಗಾಜು ನೋಡಿಕೊಡಿ ಅನ್ನು, ಸಾಕು,” ಎಂದು ಹೇಳಿಕೊಟ್ಟು ಕಳಿಸಿದ್ದರು.

“ಏನಮ್ಮ ತಂದಿರೋದು?”

“ಗಾಜು ಭಾವ. ಮೇಲ್ಮೈ ನೋಡ್ಬೇಕಿತ್ತು.”

“ಗಾಜು ನೋಡೋಕೆ ಇಲ್ಲಿವರೆಗೂ ಬರಬೇಕಾ? ಇರಲಿ. ಆ ಚೀಲ ಎಲ್ಲಿಡ್ತಿದ್ದೀಯ, ಅದು ನನ್ನ ಕುರ್ಚಿ. ಏನದು, ಹಾಲು ಒಡೆದ ವಾಸನೆ?”

“ಬುತ್ತಿ, ಭಾವ,” ಎಂದು ಮುಖ ಬೇರೆ ಕಡೆ ತಿರುಗಿಸಿ, ಚೀಲವನ್ನು ಅಲ್ಲೇ ಬಿಟ್ಟು ಅವಳು ಕೆಳಗೆ ಕಾಫಿಗೆ ಹೋದಳು. ಭಾವ ಕೆಲಸ ಮಾಡುವಾಗ ಕೋಣೆಯಲ್ಲಿ ಇನ್ನೊಬ್ಬರು ಉಸಿರಾಡಬಾರದು ಎಂದು ಅಕ್ಕ ಮೊದಲೇ ಎಚ್ಚರಿಸಿದ್ದರು.

ಛೀ ಸಾರ್ ಕೈಗವಸು ತೊಟ್ಟರು. ಗಾಜನ್ನು ಮೊದಲು ಸಾಮಾನ್ಯ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಗಾಜಿನ ಉದ್ದಕ್ಕೂ ಮಸಿಮಸಿಯಾದ ಕೊಳೆ. ಅದೂ ಸುಮ್ಮನೆ ಕೂತ ಕೊಳೆಯಲ್ಲ, ಎಲ್ಲಿಂದಲೋ ಎಲ್ಲಿಗೋ ಹೊರಟಂತಿತ್ತು. ‘ಛೀ, ಓದಿದ ಹುಡುಗಿ, ಒಂದು ಗಾಜು ಸ್ವಚ್ಛವಾಗಿಟ್ಟುಕೊಳ್ಳಲು ಬರುವುದಿಲ್ಲವೆ. ಹೆಂಡತಿಯ ತವರಿನವರೆಲ್ಲ ಹೀಗೆಯೇ’ ಎಂದುಕೊಂಡು ಸ್ಪಿರಿಟ್ ಸುರಿದರು. ಒರೆಸಿದರು. ಸಮಾಧಾನವಾಗದೆ ಮತ್ತೊಂದು ಬಾಟಲಿ ತೆಗೆದರು. ಬಂಧುತ್ವಕ್ಕೆಂದು ಎರಡು ಸಲ ಹೆಚ್ಚಾಗಿಯೇ ಒರೆಸಿದರು.

ಮಧ್ಯಾಹ್ನ ಅವಳು ಇಣುಕಿದಾಗ ಪರದೆಯ ಮೇಲೆ ಚಿತ್ರ ಮುಗಿದಿತ್ತು. ಬೂದು ಬಣ್ಣ, ಅಂಚಿನಿಂದ ಅಂಚಿಗೆ.

“ನೋಡು, ಕನ್ನಡಿ,” ಎಂದರು ಛೀ ಸಾರ್. “ನನ್ನ ಸರ್ವೀಸಿನಲ್ಲೇ ಇಷ್ಟು ಚೊಕ್ಕಟವಾದ ಗಾಜು ನೋಡಿಲ್ಲ.”

“ಹನಿಗಳು ಎಲ್ಲಿ ಭಾವ?”

“ಯಾವ ಹನಿ? ಏನೋ ಗಲೀಜಿತ್ತು, ಒರೆಸಿದೆ.”

ಅವಳು ಕುರ್ಚಿಯ ಮೇಲೆ, ಚೀಲದ ಪಕ್ಕದಲ್ಲೇ ಕುಸಿದಳು. “ಆ ಗಲೀಜೇ ನನ್ನ ಕೆಲಸ ಭಾವ. ಅದು ನೊಣದ ಹೆಜ್ಜೆ.”

ಛೀ ಸಾರ್ ಅವರಿಗೆ ಎರಡು ಅಸಹ್ಯಗಳು ಒಟ್ಟಿಗೇ ಬಂದವು. ನೊಣ ನಡೆದ ಗಾಜನ್ನು ಮುಟ್ಟಿದ್ದು ಒಂದು. ಕಣ್ಣೆದುರು ಅಳುತ್ತಿರುವ ಹುಡುಗಿಯ ಹುದ್ದೆಯನ್ನು ಬಟ್ಟೆಯ ಚೂರಿನಲ್ಲಿ ಒರೆಸಿ ಕಸದ ಡಬ್ಬಿಗೆ ಹಾಕಿದ್ದು ಇನ್ನೊಂದು. ಮೊದಲನೆಯದಕ್ಕೆ ಕೈಗವಸು ಬದಲಾಯಿಸಿದರು. ಎರಡನೆಯದಕ್ಕೆ ಬದಲಾಯಿಸುವುದಕ್ಕೆ ಏನೂ ಇರಲಿಲ್ಲ.

“ಮೊದಲೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಒಳಗೆ ಬಿಡ್ತಿದ್ರಾ?”

ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಅವರೇ ಕೇಳಿದರು, “ಇನ್ನೊಂದು ಗಾಜಿನ ಮೇಲೆ ನಡೆಸೋಕೆ ಆಗಲ್ವಾ? ನಿನ್ನ… ಅವು… ಎಲ್ಲಿವೆ?”

ಅವಳು ಕಣ್ಣೊರೆಸಿಕೊಂಡು ಚೀಲದ ಬಾಯಿ ಬಿಚ್ಚಿದಳು. ಬೆಳಗಿನಿಂದ ಛೀ ಸಾರ್ ಅವರ ಕುರ್ಚಿಯ ಮೇಲೆ ಕೂತಿದ್ದ ಬುತ್ತಿ ಡಬ್ಬಿಗೆ ಮುಚ್ಚಳದ ಬದಲು ತೆಳುಬಟ್ಟೆ ಕಟ್ಟಿತ್ತು. ಒಳಗೆ ಒಡೆದ ಹಾಲಲ್ಲಿ ನೆನೆಸಿದ ಹತ್ತಿ, ಅದರ ಸುತ್ತ ಗುಂಯ್‌ಗುಟ್ಟುವ ಸಂಸಾರ. “ದಾರಿಯಲ್ಲಿ ಏನಾದ್ರೂ ಹೆಚ್ಚು ಕಡಿಮೆಯಾದ್ರೆ ಅಂತ ತಂದಿದ್ದೆ,” ಎಂದಳು.

ಛೀ ಸಾರ್ ಗೋಡೆಗೆ ಒರಗಿದರು. ಬೆಳಗಿನಿಂದ ಆ ವಾಸನೆಯನ್ನು ಬುತ್ತಿ ಎಂದು ನಂಬಿ ಉಸಿರಾಡಿದ್ದು ನೆನಪಾಗಿ ಒಳಗಿದ್ದ ಉಸಿರನ್ನೆಲ್ಲ ಹೊರಗೆ ಊದಿದರು.

ಡಬ್ಬಿಯನ್ನು ಮಂಜುಗಡ್ಡೆಯ ಮೇಲೆ ಇಟ್ಟಾಗ ನೊಣಗಳು ಮಂಕಾದವು. ಒಂದನ್ನು ರೆಕ್ಕೆ ಹಿಡಿದೆತ್ತಿ ಗಾಜಿನ ಮೇಲೆ ಇಳಿಸಬೇಕು. ಚಳಿ ಬಿಟ್ಟೊಡನೆ ಅದು ನಾಲ್ಕು ಹೆಜ್ಜೆ ನಡೆಯುವಾಗ ಹಿಡಿತ ತಪ್ಪಬಾರದು, ರೆಕ್ಕೆಯೂ ಮುರಿಯಬಾರದು. ಅತ್ತು ಅತ್ತು ಅವಳ ಕೈ ನಡುಗುತ್ತಿತ್ತು. ಆ ಕೋಣೆಯಲ್ಲಿ ನಡುಗದ ಕೈ ಒಂದೇ ಇದ್ದದ್ದು. ಕೂದಲಿಗಿಂತ ತೆಳುವಾದ ತುದಿಗಳನ್ನು ಯಂತ್ರಕ್ಕೆ ಕೂರಿಸಿ ಪಳಗಿದ ಕೈ ಅದು.

“ನಾನೇ ಹಿಡೀಬೇಕಾ?”

“ನನ್ನಿಂದ ಆಗಲ್ಲ ಭಾವ.”

ಯಾರಿಗೂ ಎರವಲು ಕೊಡದ ತಮ್ಮ ಚಿಮಟವನ್ನು ಅವರು ಪೆಟ್ಟಿಗೆಯಿಂದ ತೆಗೆದ ರೀತಿಯಲ್ಲಿ ಅಗಲಿಕೆಯ ದುಃಖವಿತ್ತು. ನೊಣದ ರೆಕ್ಕೆ ಸಿಕ್ಕಿತು. ಅದರ ಹೊಟ್ಟೆಯ ಹಸಿರು ಹೊಳಪು, ತೇವದ ಬಾಯಿ, ಚುಚ್ಚುಚುಚ್ಚು ರೋಮ ಎಲ್ಲ ಬರಿಗಣ್ಣಿಗೇ ಕಾಣಿಸತೊಡಗಿದವು. ಬೆವರು ಹಣೆಯಿಂದ ಮೂಗಿಗೆ ಇಳಿಯಿತು.

ಗಾಜಿನ ಮೇಲೆ ಇಳಿದ ನೊಣ ನಡೆಯಲಿಲ್ಲ. ಮುಂದಿನ ಎರಡು ಕಾಲು ಎತ್ತಿ ಒಂದಕ್ಕೊಂದು ತಿಕ್ಕತೊಡಗಿತು.

“ಏನು ಮಾಡ್ತಿದೆ ಇದು?”

“ಕೈ ತೊಳ್ಕೊತಿದೆ ಭಾವ. ಪಾದಕ್ಕೆ ಧೂಳು ಹತ್ತಿದ್ರೆ ಅಂಟಲ್ಲ. ನಡೆಯೋಕೆ ಮುಂಚೆ ತಿಕ್ಕಿ ತಿಕ್ಕಿ ಸ್ವಚ್ಛ ಮಾಡ್ಕೊಳತ್ತೆ. ಮನೇಲಿ ಅಕ್ಕ ಇದನ್ನ ನೋಡಿದಾಗೆಲ್ಲ ನಿಮ್ಮನ್ನ ನೆನೆಸ್ಕೊಂಡು ನಗ್ತಾಳೆ.”

ಕೈ ಖಾಲಿಯಿದ್ದಿದ್ದರೆ ಅವರು ಅದಕ್ಕೊಂದು ಉತ್ತರ ಕೊಡುತ್ತಿದ್ದರು. ಅಷ್ಟರಲ್ಲಿ ನೊಣ ನಡೆಯಿತು. ಅದನ್ನು ಡಬ್ಬಿಗೆ ಬಿಟ್ಟು, ಗಾಜನ್ನು ಯಂತ್ರದಡಿ ಸೇರಿಸುವಾಗ ಅಭ್ಯಾಸದ ಬಲದಿಂದ ಅವರ ಎಡಗೈ ಸ್ಪಿರಿಟ್ ಬಾಟಲಿಯ ಕಡೆ ಚಾಚಿತು. ಅವಳು ಬಾಟಲಿ ಎತ್ತಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಇದ್ದುದರಲ್ಲಿ ಒಳ್ಳೆಯ ತುದಿಯನ್ನೇ ಹಾಕಿದರು. ಹಸಿ ಜಿಡ್ಡಿಗೆ ತಾಗಿದರೆ ತುದಿ ಕೆಟ್ಟಂತೆಯೇ. ಅದಕ್ಕೇ ಉಸಿರು ಬಿಗಿಹಿಡಿದು, ಮಾಮೂಲಿಗಿಂತ ಒಂದಿಷ್ಟು ಮೇಲಿಂದ, ಮಾಮೂಲಿಗಿಂತ ನಿಧಾನವಾಗಿ ಓಡಿಸಿದರು. ಪರದೆಯ ಮೇಲೆ ಗೆರೆಯ ಕೆಳಗೆ ಗೆರೆ ಇಳಿಯಿತು. ಸಂಜೆಯ ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಮಸಿಯ ಕಲೆ ಇದ್ದ ಜಾಗದಲ್ಲಿ ಹನಿಗಳು ಕಂಡವು. ಸಾಲಾಗಿ, ಬಿಡಿಬಿಡಿಯಾಗಿ, ಒಂದೊಂದು ರೋಮಕ್ಕೆ ಒಂದೊಂದು, ಯಾರೋ ಕೂತು ಪೋಣಿಸಿದ ಹಾಗೆ.

ಛೀ ಸಾರ್ ಪರದೆಗೆ ಬಾಗಿದರು. ಚೆನ್ನಾಗಿದೆ ಎಂದು ಹೇಳಲು ಬಾಯಿ ತೆರೆದವರು, ಅದು ಏನೆಂದು ನೆನಪಾಗಿ ಮುಚ್ಚಿದರು.

ನಾದಿನಿ ನಗುತ್ತ ಮತ್ತೆ ಅಳುತ್ತಿದ್ದಳು. “ಭಾವ, ಈ ಮೂಲೆಯಲ್ಲಿ ಏನಿದು? ದೊಡ್ಡ ಗುಡ್ಡ? ಎಮ್ಮೆ ಹೊರಳಾಡಿದ ಹಾಗಿದೆ. ಇದು ನೊಣದ್ದಲ್ಲ.”

ಅಲ್ಲ, ಅದು ಬೆರಳ ಗುರುತು. ಕೈಗವಸು ತೊಟ್ಟ ಬೆರಳಿಗೆ ಜಿಡ್ಡು ಎಲ್ಲಿಂದ ಬಂತು ಎಂದು ಅವರು ಹಿಂದೆಹಿಂದೆ ಯೋಚಿಸುತ್ತ ಹೋಗಿ, ನೊಣವನ್ನು ಹಿಡಿದಿದ್ದಾಗ ಎಡಗೈಯಿಂದ ಮೂಗಿನ ಬೆವರು ಒರೆಸಿಕೊಂಡು, ಆಮೇಲೆ ಅದೇ ಕೈಯಿಂದ ಗಾಜು ಎತ್ತಿದ್ದಕ್ಕೆ ಬಂದು ನಿಂತರು. ಹತ್ತಿರದಿಂದ ಏನೇನೋ ಕಂಡಿದ್ದ ಮನುಷ್ಯ ತಮ್ಮ ಮೂಗನ್ನು ಇಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ನೊಣದ ಅಚ್ಚುಕಟ್ಟಾದ ಹನಿಗಳ ಪಕ್ಕದಲ್ಲಿ ಅದು ಸೋರಿ, ಹರಡಿ, ಮೈ ಚೆಲ್ಲಿ ಬಿದ್ದಿತ್ತು.

“ಅದನ್ನ ಕತ್ತರಿಸಿ ತೆಗಿ,” ಎಂದರು ಸಣ್ಣ ದನಿಯಲ್ಲಿ.

“ಆಗಲ್ಲ ಭಾವ. ಚಿತ್ರ ಪೂರ್ತಿ ತೋರಿಸ್ಬೇಕು, ಇಲ್ಲಾಂದ್ರೆ ಏನೋ ಮುಚ್ಚಿಡ್ತಿದ್ದಾಳೆ ಅಂತಾರೆ.”

ಮರುದಿನ ಸಂಜೆ ನಾದಿನಿ ಸೀದಾ ಅಕ್ಕನ ಮನೆಗೆ ಬಂದಳು. ಹುದ್ದೆ ಉಳಿದಿತ್ತು. ಸಮಿತಿಯ ಹಿರಿಯರೊಬ್ಬರು ಹನಿಗಳನ್ನು ಬಾಯಿ ತುಂಬ ಹೊಗಳಿ, ಮೂಲೆಯಲ್ಲಿರುವ ಆ ಅಸಹ್ಯ ಯಾವ ಪ್ರಾಣಿಯದು ಎಂದು ಕೇಳಿದರಂತೆ.

“ನೀನೇನಂದೆ?” ಎಂದರು ಅಕ್ಕ.

“ನಮ್ಮ ಭಾವಂದು ಅಂದೆ.”

ಅಕ್ಕ ತಂಗಿ ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ನಕ್ಕರು. ಛೀ ಸಾರ್ ಪೇಪರಿನ ಹಿಂದೆ ಕೂತಿದ್ದರು. ಊಟಕ್ಕೆ ಕರೆದಾಗ ಎದ್ದು ಬಂದು ತಟ್ಟೆಯ ಮುಂದೆ ಕೂತರು. ದಿನವೂ ಎಲ್ಲರನ್ನೂ ತಾವೇ ಕೇಳುತ್ತಿದ್ದ ಪ್ರಶ್ನೆಯನ್ನು ಅಂದು ಕೇಳಲಿಲ್ಲ.

“ರೀ, ಕೈ ತೊಳೆದ್ರಾ?” ಎಂದರು ಹೆಂಡತಿ.

ಅವರು ಎದ್ದು ಹೋದರು. ಬಚ್ಚಲಿನಲ್ಲಿ ನೀರು ಬಹಳ ಹೊತ್ತು ಬೀಳುತ್ತಿತ್ತು. ಕೈ ತೊಳೆದರು, ಮೂಗನ್ನೂ ತೊಳೆದರು. ಕನ್ನಡಿಯಲ್ಲಿ ಅದನ್ನು ನೋಡಿ, ಛೀ, ಎಂದು ಮತ್ತೆ ಸೋಪು ತೆಗೆದುಕೊಂಡರು.