ಫಿಲ್ಟರ್ ತೆಗೆಯದ ಎಕ್ಸ್‌ರೇ

ಕಡೂರಿನ ನನ್ನ ಹಲ್ಲಿನ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದ ತಕ್ಷಣ ಕಂಪ್ಯೂಟರಿನಲ್ಲಿ ಹಲ್ಲು ಮೂಡುತ್ತದೆ. ಬಾಯೊಳಗಿಟ್ಟು ಚಿತ್ರ ಹಿಡಿಯುವ ನನ್ನ ಸೆನ್ಸರ್ ಹಳೆಯದು, ಚಿತ್ರ ತರಿತರಿ. ‘ಇದೇನ್ ಡಾಕ್ಟ್ರಮ್ಮ, ರಾಗಿ ಚೆಲ್ದಂಗೈತೆ’ ಎಂದು ಯಾರೋ ನಕ್ಕಿದ್ದು ನನ್ನ ಜಂಬಕ್ಕೆ ಚುಚ್ಚಿತು. ಅಂದಿನಿಂದ ತರಿ ಅಳಿಸಿ ನುಣುಪು ಮಾಡುವ ಫಿಲ್ಟರನ್ನು ಕಂಪ್ಯೂಟರಿನಲ್ಲಿ ಹಾಕಿಯೇ ಇಡುತ್ತಿದ್ದೆ. ಚಿತ್ರ ಚೆಂದವಾಯಿತು. ಮೂಳೆ ಸವೆದ ಸಣ್ಣ ಗುಳಿಯೂ ತರಿಯ ಜೊತೆಗೇ ಅಳಿಸಿಹೋಗಬಹುದು ಎಂದು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಯಗಟಿ ಕಡೆಯ ಕುರಿ ಸಾಕುವ ಹೆಂಗಸೊಬ್ಬರು ಸಂತೆಯ ದಿನ ಬಂದರು. ವಸಡಿನಲ್ಲಿ ರಕ್ತ. ಹೊರಗೆ ಜನವೋ ಜನ, ಇವರಿಗೆ ಬಸ್ಸಿನ ಅವಸರ. ವಸಡಿನ ಆಳ ಅಳೆಯುವ ಕಡ್ಡಿಯನ್ನು ನಾನು ಟ್ರೇಯಿಂದ ಎತ್ತಲೇ ಇಲ್ಲ. ಎಕ್ಸ್‌ರೇ ತೆಗೆದು, ಆ ನುಣುಪು ಚಿತ್ರವನ್ನಷ್ಟೇ ನೋಡಿ, ‘ಮೂಳೆ ಗಟ್ಟಿಯಿದೆ, ಎಲೆಅಡಿಕೆ ಬಿಡಿ ಸಾಕು’ ಎಂದು ಕಳಿಸಿದೆ.

ಆರೇಳು ತಿಂಗಳಿಗೆ ಮತ್ತೆ ಬಂದರು. ದವಡೆಹಲ್ಲು ನನ್ನ ಬೆರಳಿಗೆ ಅಲ್ಲಾಡಿತು. ಆ ಸಂತೆಯ ದಿನದ ಪಟ್ಟಿಯಲ್ಲಿ ಅವರ ಹೆಸರು ಹುಡುಕಿ, ಹಳೆಯ ಚಿತ್ರ ತೆರೆದು ಫಿಲ್ಟರ್ ತೆಗೆದೆ. ಬೇರಿನ ಪಕ್ಕದಲ್ಲಿ ಕಪ್ಪು ಗುಳಿ ಅವತ್ತೇ ಇತ್ತು. ಆಗಲೇ ಚಿಕಿತ್ಸೆ ಮಾಡಿದ್ದರೆ ಹಲ್ಲು ಉಳಿಯುತ್ತಿತ್ತೇನೋ. ಈಗ ಕೀಳಲೇಬೇಕು.

‘ಎಲೆಅಡಿಕೆ ಬಿಟ್ಟೆ ಡಾಕ್ಟ್ರಮ್ಮ,’ ನಾನು ಕೇಳುವ ಮೊದಲೇ ಅವರು ಹೇಳಿದರು. ‘ಒಂದ್ ಮದ್ವೇಲಿ ಮಾತ್ರ ಹಾಕ್ಕೊಂಡಿದ್ದೆ. ಅದ್ಕೇ ಹಿಂಗಾಯ್ತೇನೋ. ನಂದೇ ತಪ್ಪು.’

ಆ ತಪ್ಪನ್ನು ಅವರ ಮಡಿಲಲ್ಲೇ ಬಿಟ್ಟುಬಿಡುವುದು ಎಷ್ಟು ಸುಲಭವಾಗಿತ್ತು! ಮಾತು ಬಾಯಲ್ಲಿ ಬಿಸಿತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಕಿಟಕಿಯಿಲ್ಲದ ಆ ಸಣ್ಣ ಕೋಣೆಯಿಂದ ಓಡಿಹೋಗಬೇಕೆನಿಸಿತು. ಎಲ್ಲಿಗೆ ಹೋಗಲಿ, ಬಾಗಿಲ ಮೇಲಿನ ಬೋರ್ಡಿನಲ್ಲಿ ನನ್ನದೇ ಹೆಸರು. ಕೊನೆಗೆ ‘ನಿಮ್ಮದಲ್ಲಮ್ಮ, ತಪ್ಪು ನನ್ನದು’ ಎಂದು ಫಿಲ್ಟರ್ ಇದ್ದದ್ದು, ಇಲ್ಲದ್ದು ಎರಡೂ ಚಿತ್ರ ತೋರಿಸಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಬಿಡುಗಡೆಯಾದರೂ ಆಗುತ್ತಿತ್ತು. ಎರಡು ಚಿತ್ರಗಳನ್ನೂ ಬಹಳ ಹೊತ್ತು ನೋಡಿದರು.

‘ಕುರಿ ಕೊಳ್ಳೋವಾಗ ನಾವು ಬಾಯಿ ಬಿಡ್ಸಿ, ಹಲ್ಲು ಮುಟ್ಟಿ ನೋಡ್ತೀವಿ,’ ಎಂದರು. ಆಮೇಲೆ ಮೆಲ್ಲಗೆ ಕೇಳಿದರು: ‘ಅವತ್ತು ಹೊರ್ಗಡೆ ಅಷ್ಟು ಜನ ಕೂತಿದ್ರಲ್ಲ, ಅವ್ರನ್ನೂ ಹಿಂಗೇ ನೋಡಿದ್ರಾ?’

ಉತ್ತರಕ್ಕೆ ಕಾಯದೆ ಅವರು ಕುರ್ಚಿಗೆ ಒರಗಿ ಬಾಯಿ ತೆರೆದರು. ನಾನು ಇಂಜೆಕ್ಷನ್ ಕೈಗೆತ್ತಿಕೊಂಡೆ. ಕಂಪ್ಯೂಟರಿನಲ್ಲಿ ಆ ಸಂತೆಯ ದಿನದ ಹೆಸರುಗಳ ಪಟ್ಟಿ ಹಾಗೇ ತೆರೆದುಕೊಂಡಿತ್ತು.